ತೇಲುವ ಹಿಮ ಕರಗಿದರೆ

ಮೀನಿನ ಜೊತೆ ಬಂದ ಐಸು ಇನ್ನೂ ಪೂರ್ತಿ ಕರಗಿರಲಿಲ್ಲ. ಅವ್ವ ದುರುಗಮ್ಮ ಪ್ಲಾಸ್ಟಿಕ್ ಚೀಲವನ್ನು ಹಿತ್ತಲ ಕಟ್ಟೆಯ ಮೇಲಿನ ಬೋಗುಣಿಗೆ ಬೋರಲು ಹಾಕಿದಾಗ ಎರಡು ಕಾಟ್ಲಾ ಮೀನುಗಳ ಹಿಂದೆಯೇ ಮುಷ್ಟಿ ಗಾತ್ರದ ಮೂರು ತುಂಡುಗಳು ಜಾರಿ ಬಿದ್ದವು. ಅವುಗಳ ಒಳಗೆ ತೆಳುವಾದ ಗುಲಾಬಿ ಬಣ್ಣ ಹೆಪ್ಪುಗಟ್ಟಿತ್ತು. ಒಂದರಲ್ಲಿ ಒಂದೇ ಒಂದು ಹುರುಪೆ, ಯಾರದೋ ಕಿತ್ತ ಉಗುರಿನ ಹಾಗೆ, ಬೆಳಕಿಗೆ ಮಿನುಗುತ್ತಿತ್ತು. ಹಲ್ಲುಜ್ಜುತ್ತಿದ್ದ ಮಾಲಾ ಬಾಯಲ್ಲಿದ್ದ ನೊರೆಯನ್ನು ಉಗುಳಲೂ ಆಗದೆ ನುಂಗಲೂ ಆಗದೆ ನಿಂತಳು. ಯಾರು ಕೊಟ್ಟದ್ದು ಎಂದು ಕೇಳುವ ಅಗತ್ಯವೇ ಇರಲಿಲ್ಲ. ಆದರೂ ಕೇಳಿದಳು.

"ಯಾರೋ ಗಾದೆಮ್ಮ ಅಂತ. ಹಂಪಸಾಗರದಿಂದ ಮೊದಲ್ನೇ ಬಸ್ಸಿಗೆ ಬಂದಿದ್ಲು. ಮೇಡಂ ಎದ್ದಿಲ್ಲೇನ್ರಿ ಅಂದ್ಲು. ಎದ್ದು ಕುಂತಾಳವ್ವ, ಮಾತಾಡಂಗಿಲ್ಲ ಅಷ್ಟ, ಅಂದೆ."

"ಇಸ್ಕೋಬಾರ್ದಾಗಿತ್ತು ಬೇ."

"ಯಾಕ? ಮೀನಿಗೇನಾಗೈತಿ? ಕಿವುರು ನೋಡು, ಹೆಂಗ ಕೆಂಪಗ ಅದಾವ. ನಿಮ್ಮಪ್ಪ ತರೋ ಮೀನು ಸತ್ತು ತಿಥಿ ಮುಗಿಸಿಕೊಂಡು ಬಂದಿರ್ತಾವ." ಅವ್ವ ಐಸಿನ ತುಂಡೊಂದನ್ನು ಎತ್ತಿ ಹಣೆಗೆ ಒತ್ತಿಕೊಂಡಳು. ಮಾರ್ಚ್ ಇನ್ನೂ ಮುಗಿದಿರಲಿಲ್ಲ, ಬೆಳಿಗ್ಗೆ ಏಳಕ್ಕೇ ಗೋಡೆ ಬಿಸಿಯಾಗಿತ್ತು. ಹಣೆಯಿಂದ ಗುಲಾಬಿ ನೀರು ಹುಬ್ಬಿಗಿಳಿದು ಮೂಗಿನ ಪಕ್ಕಕ್ಕೆ ಹರಿಯಿತು. "ಆಹಾ," ಎಂದಳು ದುರುಗಮ್ಮ. ಮಾಲಾ ಬಚ್ಚಲಿಗೆ ಓಡಿದಳು.

ವಾಂತಿಯಾಗಲಿಲ್ಲ. ಅವಳಿಗೆ ಯಾವುದೂ ಪೂರ್ತಿ ಆಗುವುದಿಲ್ಲ. ಗಂಟಲವರೆಗೆ ಬಂದು ಅಲ್ಲೇ ನಿಂತು ಹುಳಿಯಾಗುತ್ತದೆ. ಬಾಯಿ ತೊಳೆದುಕೊಂಡು ಬಂದು, ನಡುಮನೆಯಲ್ಲಿ ಬುದ್ಧನ ಪಟದ ಕೆಳಗಿನ ಕುರ್ಚಿಯಲ್ಲಿ ಕುಳಿತು ಡೈರಿ ತೆರೆದಳು. ಎಂ.ಎಸ್ಸಿ. ಭೂಗೋಳಕ್ಕೆ ಸೇರಿದ ವರ್ಷದಿಂದ ಪ್ರತಿದಿನ ಬೆಳಿಗ್ಗೆ ಮೊಬೈಲಿನಲ್ಲಿ ನೋಡಿ ಉತ್ತರ ಧ್ರುವದ ಕಡಲ ಮೇಲಿನ ಹಿಮದ ವಿಸ್ತೀರ್ಣವನ್ನು ಬರೆದಿಡುವುದು ಅವಳ ರೂಢಿ. ಅದರ ಕೆಳಗೆ ಏನು ತಿಂಡಿ, ಯಾರು ಬಂದಿದ್ದರು, ಹೊಟ್ಟೆನೋವು ಇತ್ತೋ ಇಲ್ಲವೋ. ಊರಿನಲ್ಲಿ ಯಾರಿಗೂ ಬೇಡವಾದ ಒಂದು ಸಂಖ್ಯೆ ತನ್ನ ಬಳಿ ಇದೆ ಎಂಬುದು ಮೊದಮೊದಲು ಬಚ್ಚಿಟ್ಟ ಸಿಹಿಯ ಹಾಗಿತ್ತು. ಮಾರ್ಚ್‌ನಲ್ಲಿ ಆ ಹಿಮ ವರ್ಷದ ಅತಿ ಹೆಚ್ಚಿನ ಹರವು ಮುಟ್ಟಬೇಕು. ಈ ಸಲ ಒಂದು ಕೋಟಿ ನಲವತ್ತಮೂರು ಲಕ್ಷ ಚದರ ಕಿಲೋಮೀಟರಿಗೇ ನಿಂತುಬಿಟ್ಟಿತ್ತು. ಉಪಗ್ರಹಗಳು ಅಳೆಯಲು ತೊಡಗಿದ ಮೇಲೆ ಯಾವ ಚಳಿಗಾಲದಲ್ಲೂ ಇಷ್ಟು ಕಡಿಮೆ ಇರಲಿಲ್ಲವಂತೆ. ಬಿಳಿ ಇದ್ದಲ್ಲಿ ಬಿಸಿಲು ತಿರುಗಿ ಹೋಗುತ್ತದೆ, ಬಿಳಿ ಹೋದಲ್ಲಿ ಕಪ್ಪು ನೀರು ಬಿಸಿಲನ್ನು ಕುಡಿಯುತ್ತದೆ, ಕುಡಿದಷ್ಟೂ ಇನ್ನಷ್ಟು ಬಿಳಿಯನ್ನು ತಿನ್ನುತ್ತದೆ. ಅದನ್ನು ಓದಿದಾಗ ಅವಳ ಎದೆಯಲ್ಲಿ ಝಲ್ಲೆಂದದ್ದು ದುಃಖದಿಂದ ಅಲ್ಲ. ಕ್ರಿಕೆಟ್ಟಿನ ಸ್ಕೋರು ಕೇಳಿದವರ ಹಾಗೆ, ದಾಖಲೆ ಮುರಿಯಿತು ಎಂಬ ಪುಳಕ. ಅದು ನೆನಪಾಗಿ ಅವಳಿಗೆ ತನ್ನ ಬೆರಳ ತುದಿಗಳೇ ಜಿಗುಟಾದವು. ಹಿತ್ತಲಿನಿಂದ ಅವ್ವ ಹುರುಪೆ ಕೆರೆಯುವ ಸದ್ದು, ಕರ್ ಕರ್ ಎಂದು, ಬರುತ್ತಲೇ ಇತ್ತು. ಇವತ್ತಿನ ಸಂಖ್ಯೆ ಬರೆದು ಅದರ ಕೆಳಗೆ 'ಮೀನು' ಎಂದು ಬರೆದಳು. ಗಾದೆಮ್ಮ ಎಂದು ಬರೆಯಲಿಲ್ಲ.

ಗಾದೆಮ್ಮನ ಹೆಸರು ಆ ಡೈರಿಯಲ್ಲಿ ಎಲ್ಲೂ ಇಲ್ಲ. ನವೆಂಬರ್ ಹದಿನಾಲ್ಕರ ಪುಟದಲ್ಲಿ ಇರಬೇಕಿತ್ತು. ಅಲ್ಲಿ ಇರುವುದು ಇಷ್ಟು: 'ಟೆಸ್ಟ್ ಪೇಪರ್ ಕೊಟ್ಟೆ. ಸೆಕೆ. ಸಂಜೆ ಮಂಡಕ್ಕಿ.' ಸುಳ್ಳು ಬರೆದಿಲ್ಲ ಎಂದು ಅವಳು ಎಷ್ಟೋ ಸಲ ಅಂದುಕೊಂಡಿದ್ದಾಳೆ. ಸೆಕೆ ಇದ್ದದ್ದು ನಿಜ, ಮಂಡಕ್ಕಿ ತಿಂದದ್ದೂ ನಿಜ. ಹಗರಿಬೊಮ್ಮನಹಳ್ಳಿಯ ಬಸ್‌ಸ್ಟ್ಯಾಂಡ್ ಎದುರು ಗೊಬ್ಬರದಂಗಡಿಯ ಮೇಲೆ ಕ್ಲಾಸು ನಡೆಯುವ ಹಾಲ್‌ಗೆ ಇವತ್ತು ಮೆಟ್ಟಿಲು ಹತ್ತುವಾಗಲೂ ಅವಳು ಅದನ್ನೇ ಅಂದುಕೊಂಡಳು. ಯೂರಿಯಾದ ಕಮಟು ಮೊದಲ ಮಹಡಿಯವರೆಗೆ ಬರುತ್ತದೆ, ಎರಡನೆಯದಕ್ಕೆ ಹೋದರೆ ಬೆವರಿನದು. ನಾಗೇಂದ್ರಪ್ಪ ಸರ್ ಅವರ ಕೋಚಿಂಗ್ ಕ್ಲಾಸಿನ ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ ಬರೆದಿತ್ತು: 'ಇಲ್ಲಿ ಓದಿದವ ಇಲಾಖೆಯಲ್ಲಿ ಕೂತ.' ಅವಳು ಇಲ್ಲಿ ಭೂಗೋಳ ಹೇಳಲು ಬಂದು ಎರಡು ವರ್ಷವಾಯಿತು. ಬಂದ ತಿಂಗಳೇ ನೋಟ್ಸ್ ಬರೆದುಕೊಟ್ಟಿದ್ದಳು. ಮೊದಲ ಕರಡಿನಲ್ಲಿ ಅವಳು ಕಷ್ಟಪಟ್ಟು ಬೇರೆಬೇರೆ ಹೆಸರು ಕೊಟ್ಟಿದ್ದಳು: ನೆಲದ ಮೇಲಿನ ಹಿಮದ ಹಾಸು ಒಂದು, ಬೆಟ್ಟದಿಂದ ಜಾರುವ ಹಿಮನದಿ ಒಂದು, ಅದರಿಂದ ಮುರಿದು ತೇಲುವ ಹಿಮಬೆಟ್ಟ ಒಂದು, ಕಡಲ ನೀರೇ ಹೆಪ್ಪುಗಟ್ಟಿದ ಕಡಲಹಿಮ ಒಂದು. ನಾಗೇಂದ್ರಪ್ಪ ಅದನ್ನು ಓದಿ, ಪೆನ್ನಿನ ಟೋಪಿಯಿಂದ ಕಿವಿ ಕೆರೆದುಕೊಳ್ಳುತ್ತ, "ಮೇಡಂ, ಒಂದು ಐಸಿಗೆ ಇಷ್ಟು ಹೆಸ್ರಾ? ನಮ್ಮ ಕಡಿ ಬೆಳಿಗ್ಗೆ ಕವಿದ್ರೂ ಮಂಜು, ಹಿಮಾಲಯದಾಗ ಬಿದ್ರೂ ಮಂಜು. ಹುಡುಗ್ರ ತಲಿ ತಿನ್ನಬ್ಯಾಡ್ರಿ. ಹಿಮ ಅಂತ ಒಂದ ಬರೀರಿ. ಹಿಮ ಕರಗಿತು, ಕಡಲು ಏರಿತು, ಮಾರ್ಕು ಬಂತು. ಮುಗೀತು," ಎಂದಿದ್ದರು. ಅವಳು ಇಲ್ಲ ಎನ್ನಬೇಕಿತ್ತು. ಇಲ್ಲ ಎನ್ನುವುದಕ್ಕೆ ಬಾಯಿ ತೆರೆಯುವ ಮೊದಲೇ ಕಿವಿ ಬಿಸಿಯಾಗುವುದು, ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುವುದು ಅವಳಿಗೆ ಚಿಕ್ಕಂದಿನಿಂದ ಇದೆ. ಅದನ್ನು ಜನ 'ಭಾಳ ಸಂಭಾವಿತ ಹುಡುಗಿ' ಎನ್ನುತ್ತಾರೆ. ನಾಲ್ಕು ಹೆಸರನ್ನೂ ಹೊಡೆದು ಹಿಮ ಎಂದು ಬರೆದಳು. ಅದರ ಕೆಳಗೆ, 'ಧ್ರುವದ ಹಿಮ ಕರಗಿದರೆ ಸಮುದ್ರಮಟ್ಟ ಏರುತ್ತದೆ.' ಮರುದಿನದಿಂದ ಅರವತ್ತು ಜನ ಅದನ್ನು ಒಕ್ಕೊರಲಿನಿಂದ ಕೂಗತೊಡಗಿದರು. ಕೆಳಗೆ ಗೊಬ್ಬರ ಕೊಳ್ಳುವವರು ತಲೆಯೆತ್ತಿ ನೋಡುತ್ತಿದ್ದರು.

ನವೆಂಬರಿನ ಟೆಸ್ಟಿನಲ್ಲಿ ಮೂವತ್ತೊಂದನೆಯ ಪ್ರಶ್ನೆ: ಸಮುದ್ರದಲ್ಲಿ ತೇಲುವ ಹಿಮ ಕರಗಿದರೆ ಸಮುದ್ರಮಟ್ಟ ಏನಾಗುತ್ತದೆ? ಎಲ್ಲಿಂದಲೋ ಎತ್ತಿದ ಪ್ರಶ್ನೆ; ಕೀ ಉತ್ತರ ಮಾತ್ರ ಅವಳ ನೋಟ್ಸಿನಿಂದ ನಾಗೇಂದ್ರಪ್ಪ ತಾವೇ ಮಾಡಿದ್ದು. ಏರುತ್ತದೆ. ಐವತ್ತೊಂಬತ್ತು ಪೇಪರುಗಳಲ್ಲಿ ಏರಿತ್ತು. ಒಂದರಲ್ಲಿ ಮಾತ್ರ 'ಬದಲಾಗುವುದಿಲ್ಲ'. ಆ ಪೇಪರಿಗೆ ಸಣ್ಣಗೆ ಮೀನಿನ ವಾಸನೆಯಿತ್ತು. ಮಾಲಾಳ ಕೆಂಪು ಪೆನ್ನು ಒಂದು ಕ್ಷಣ ನಿಂತಿತು. ನಿಂತದ್ದು ಅವಳಿಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ನಿಂತ ಜಾಗದಲ್ಲಿ ಶಾಯಿ ಊರಿ ಒಂದು ಚುಕ್ಕೆಯಾಗಿತ್ತು. ತೇಲುವ ವಸ್ತು ತಾನು ಸರಿಸಿದ ನೀರಿನಷ್ಟೇ ತೂಗುತ್ತದೆ, ಕರಗಿದಾಗ ಅದೇ ಜಾಗವನ್ನು ತುಂಬುತ್ತದೆ. ಒಂಬತ್ತನೆಯ ತರಗತಿಯ ವಿಜ್ಞಾನ ಸಾಕು ಇದಕ್ಕೆ, ಎಂ.ಎಸ್ಸಿ. ಬೇಡ. ನೆಲದ ಮೇಲಿನದು ಕರಗಿ ಹರಿದು ಬಂದರೆ ಮಾತ್ರ ಏರುವುದು. ಗೊತ್ತಿತ್ತು. ಗೊತ್ತಿದ್ದೂ ಆ ಚುಕ್ಕೆಯಿಂದಲೇ ಗೆರೆ ಎಳೆದಳು. ಮರುದಿನ ಕ್ಲಾಸಿನಲ್ಲಿ ಗಾದೆಮ್ಮ ಎದ್ದು ನಿಂತಳು. ಮೂವತ್ತೆರಡು ವರ್ಷದ ಹೆಂಗಸು, ಕೂಡ್ಲಿಗಿ ಕಡೆಯ ತವರು, ಹಂಪಸಾಗರಕ್ಕೆ ಕೊಟ್ಟದ್ದು. ಗಂಡ ಮಂಜಣ್ಣ ಹಿನ್ನೀರಿನಲ್ಲಿ ಬಲೆ ಹಾಕುತ್ತಾನೆ, ಅವಳು ಬೆಳಿಗ್ಗೆ ಮಾರಿ, ಸೀರೆ ಬದಲಿಸಿ ಕ್ಲಾಸಿಗೆ ಬರುತ್ತಾಳೆ. ಹಾಸ್ಟೆಲ್ಲಿನ ಮೇಲ್ವಿಚಾರಕಿಯಾಗಬೇಕು ಅವಳಿಗೆ. ಯಾಕೆಂದು ಯಾರೋ ಕೇಳಿದ್ದಕ್ಕೆ, "ವಾಸನಿ ಇಲ್ದಂಥ ಒಂದು ಕುರ್ಚಿ ಬೇಕ್ರಿ ನಂಗ," ಎಂದಿದ್ದಳು.

"ಮೇಡಂ, ಇದು ಹೆಂಗ ತಪ್ಪಾಕೈತ್ರಿ? ನಮ್ಮ ಟಬ್ಬಿನ ತುಂಬ ನೀರು ಇರ್ತೈತಿ, ಐಸು ತೇಲ್ತಿರ್ತೈತಿ. ಮಧ್ಯಾಹ್ನ ಅಷ್ಟೂ ಕರಗಿದ್ರೂ ಒಂದು ಹನಿ ಹೊರಗ ಚೆಲ್ಲಂಗಿಲ್ರಿ. ದಿನಾ ನೋಡ್ತೀನಿ."

ಹಿಂದಿನ ಬೆಂಚಿನಿಂದ ಬೀರಲಿಂಗೇಶ್ ಎಂಬವನು, "ಗಂಡ ಮಂಜಣ್ಣ, ಮಾರೋದು ಐಸು, ಅಕ್ಕಾರ ಮನ್ಯಾಗ ಉತ್ತರ ಧ್ರುವ ಐತ್ರಿ," ಎಂದ. ಬಾಗಿಲಲ್ಲಿ ನಿಂತಿದ್ದ ನಾಗೇಂದ್ರಪ್ಪ, "ಏನಮ್ಮಾ ಗಾದೆಮ್ಮ, ಅಂಟಾರ್ಕ್ಟಿಕಾ ಅಂದ್ರ ಹಂಪಸಾಗರದ ಮೀನಿನ ಬುಟ್ಟಿ ಅನ್ಕಂಡಿಯೇನು? ಕುಂದ್ರು ಕುಂದ್ರು. ನೋಟ್ಸ್ ಓದು," ಎಂದರು. ಹಾಲ್ ಪೂರಾ ನಕ್ಕಿತು. ಮಾಲಾ ಕೂಡ ನಕ್ಕಳು. ದೊಡ್ಡದಾಗಿ ಅಲ್ಲ, ಅವಳು ಯಾವುದನ್ನೂ ದೊಡ್ಡದಾಗಿ ಮಾಡುವವಳಲ್ಲ. ಕೈಯಲ್ಲಿದ್ದ ಪೇಪರುಗಳನ್ನು ಬಾಯಿಗೆ ಅಡ್ಡ ಹಿಡಿದು, ಭುಜ ಅಲುಗುವಷ್ಟು. ಆಮೇಲೆ ತಲೆಯೆತ್ತಿದಾಗ ಗಾದೆಮ್ಮ ಕುಳಿತಾಗಿತ್ತು. ಎರಡೂ ಅಂಗೈಗಳನ್ನು ಮೂಗಿನ ಬಳಿ ತಂದು, ಸೋಪಿನಿಂದ ತೊಳೆದದ್ದು ಸಾಲದಾಯಿತೇನೋ ಎಂಬಂತೆ, ಮೂಸುತ್ತಿದ್ದಳು. ಅಂಥ ನಗೆ ಮಾಲಾಳಿಗೆ ಹೊಸದಲ್ಲ. ಇದೇ ಕೋಚಿಂಗ್ ಕ್ಲಾಸಿನ ಆಫೀಸಿನಲ್ಲಿ ಎಲ್ಲರಿಗೂ ಸ್ಟೀಲ್ ಲೋಟದಲ್ಲಿ ಬರುವ ಚಹಾ ಅವಳಿಗೆ ಮಾತ್ರ ಪೇಪರ್ ಕಪ್ಪಿನಲ್ಲಿ ಬರುತ್ತದೆ. ಒಂದು ಸಲ ಯಾರೋ ಅದರ ಮೇಲೆ ಏನೋ ಅಂದು, ಉಳಿದವರು ಹೀಗೇ ಭುಜ ಅಲುಗಿಸಿದ್ದರು. ಅದನ್ನು ಅವಳು ಡೈರಿಯಲ್ಲಿ ನಾಲ್ಕು ಪುಟ ಬರೆದಿದ್ದಳು.

ಇವತ್ತೂ ಪೇಪರ್ ಕಪ್ಪೇ ಬಂತು. ಮೇಜಿನ ಆಚೆ ನಾಗೇಂದ್ರಪ್ಪ ತಮ್ಮ ಲೋಟದಿಂದ ಸೊರ್ರನೆ ಹೀರುತ್ತಿದ್ದರು. ಮೇಲ್ವಿಚಾರಕಿ ಹುದ್ದೆಯ ಕೀ ಉತ್ತರ ಮತ್ತು ತಾತ್ಕಾಲಿಕ ಆಯ್ಕೆ ಪಟ್ಟಿ ಹೋದ ವಾರ ಒಟ್ಟಿಗೇ ಬಂದಿದ್ದವು. ಪರೀಕ್ಷೆಯಲ್ಲಿ ಅದೇ ಪ್ರಶ್ನೆ, ಅಕ್ಷರ ಬದಲಾಗದೆ, ಬಿದ್ದಿತ್ತು. ಕೀ ಉತ್ತರ: ಬದಲಾಗುವುದಿಲ್ಲ. ಗಾದೆಮ್ಮ ಬರೆದದ್ದು: ಏರುತ್ತದೆ. ಪಟ್ಟಿಯ ಕೊನೆಯ ಹೆಸರಿಗೂ ಅವಳಿಗೂ ನಡುವೆ ಒಂದು ಅಂಕ. ಆಕ್ಷೇಪಣೆ ಸಲ್ಲಿಸಲು ಇವತ್ತು ಸಂಜೆ ಐದು ಗಂಟೆಯವರೆಗೆ ಸಮಯ.

"ನೋಡ್ರಿ ಮೇಡಂ, ಹಾಲ್‌ನ್ಯಾಗ ಇದ್ದೋರು ಅಷ್ಟೂ ಮಂದಿ ಏರಿಸ್ಯಾರ. ಹೊರಗ ಗೊತ್ತಾದ್ರ ಮುಂದಿನ ಬ್ಯಾಚಿಗೆ ನಾಯಿನೂ ಬರಂಗಿಲ್ಲ. ನೀವು ವಿಷಯ ತಜ್ಞರು ಅಂತ ಒಂದು ಪತ್ರ ಬರೀರಿ. ಏರುತ್ತದೆ ಅನ್ನೋದೂ ಸರಿ ಅಂತ. ಅದನ್ನ ಆಧಾರ ಅಂತ ಹಚ್ಚಿ ಗಾದೆಮ್ಮನ ಕಡಿಂದ ಆಕ್ಷೇಪಣಿ ಹಾಕ್ಸೋಣು."

"ಸರ್, ಅದು..."

"ಏನಾರ ಒಂದು ಇರ್ತೈತ್ರಿ. ಎಂ.ಎಸ್ಸಿ. ಓದೀರಿ. ಹುಡುಕ್ರಿ." ಕಿವಿಯಿಂದ ಪೆನ್ನಿನ ಟೋಪಿ ತೆಗೆದು, ಅದರ ತುದಿಯನ್ನು ಒಮ್ಮೆ ನೋಡಿ, ಪ್ಯಾಂಟಿಗೆ ಒರೆಸಿ, ಪೆನ್ನಿಗೆ ಹಾಕಿ, ಪೆನ್ನನ್ನು ಅವಳತ್ತ ಚಾಚಿದರು. ಅವಳು ತೆಗೆದುಕೊಂಡಳು.

ಹುಡುಕುವ ಅಗತ್ಯ ಬೀಳಲಿಲ್ಲ; ಅದು ಅವಳೊಳಗೆ ಮೊದಲೇ ಇತ್ತು. ಸಮುದ್ರದ ನೀರು ಉಪ್ಪು. ಹೆಪ್ಪುಗಟ್ಟುವಾಗ ಅದು ಉಪ್ಪನ್ನು ಬಹುಪಾಲು ಹೊರಗೆ ತಳ್ಳುತ್ತದೆ, ಹಿಮ ಹೆಚ್ಚುಕಡಿಮೆ ಸಿಹಿನೀರು. ಅಷ್ಟೇ ತೂಕದ ಸಿಹಿನೀರು ಉಪ್ಪುನೀರಿಗಿಂತ ತುಸು ಹೆಚ್ಚು ಜಾಗ ಬೇಡುತ್ತದೆ. ಹಾಗಾಗಿ ತೇಲುವ ಹಿಮ ಕರಗಿದರೂ ಸಮುದ್ರ ಏರುತ್ತದೆ, ಅತ್ಯಲ್ಪವಾಗಿ, ಲೆಕ್ಕಕ್ಕೆ ಹಿಡಿಯದಷ್ಟು, ಆದರೆ ಏರುತ್ತದೆ. ಸುಳ್ಳಲ್ಲ. ಬರೆಯುತ್ತ ಹೋದಂತೆ ವಾಕ್ಯಗಳು ಒಂದಕ್ಕೊಂದು ಎಷ್ಟು ನುಣ್ಣಗೆ ಕೂಡಿಕೊಂಡವು ಎಂದರೆ ಅವಳಿಗೆ ಒಂಥರಾ ಸುಖವಾಯಿತು. ಎರಡು ವರ್ಷದಲ್ಲಿ ಮೊದಲ ಬಾರಿಗೆ ತಾನು ಓದಿದ್ದನ್ನು ಬರೆಯುತ್ತಿದ್ದೇನೆ ಅನಿಸಿತು. ಸಾಂದ್ರತೆ, ಲವಣಾಂಶ, ಸ್ಥಾನಾಂತರ. ಒಂದೊಂದು ಪದವೂ ಒಗೆದು ಇಸ್ತ್ರಿ ಮಾಡಿದ ಹಾಗೆ. ಮೂರನೆಯ ಪ್ಯಾರಾದ ಹೊತ್ತಿಗೆ ತಾನು ನವೆಂಬರಿನಲ್ಲಿ ಇದನ್ನೇ ಮನಸ್ಸಿನಲ್ಲಿಟ್ಟುಕೊಂಡು ಆ ಗೆರೆ ಎಳೆದಿದ್ದೆ ಎಂಬ ಹಾಗೆ ಆಗತೊಡಗಿತ್ತು. ಅಲ್ಲಿಗೆ ಪೆನ್ನು ನಿಂತಿತು. ಪೆನ್ನಿನಿಂದಲೋ ಏನೋ, ಕಿವಿಯ ಮೇಣದ ಜಿಡ್ಡು ವಾಸನೆ ಬೆರಳಿಗೆ ಹತ್ತಿದಂತಿತ್ತು. ಸುಳ್ಳಿಗಿಂತ ಹೊಲಸಾದದ್ದೊಂದು ಇದೆ, ತಡವಾಗಿ ಬಂದು ತನ್ನನ್ನು ಕಾಪಾಡುವ ಸತ್ಯ, ಎಂದು ಡೈರಿಯಲ್ಲಿ ಬರೆಯಬಹುದು ಎಂದುಕೊಂಡಳು. ಹಾಗೆ ಅಂದುಕೊಂಡದ್ದಕ್ಕೂ ಹೇಸಿಗೆಯಾಯಿತು. ಅಲ್ಲಿ ಸಾವಿರಾರು ಮೈಲಿ ಬಿಳಿ ಹರಡಿ ಬಿಸಿಲನ್ನು ವಾಪಸು ಕಳಿಸುತ್ತಿದ್ದದ್ದು ತೆಳುವಾಗುತ್ತಿದೆ, ನಾವು ಹುಟ್ಟಿಸಿದ ಹೆಚ್ಚುವರಿ ಬಿಸಿಯ ಹತ್ತರಲ್ಲಿ ಒಂಬತ್ತು ಪಾಲನ್ನು ಕಡಲು ನುಂಗುತ್ತಿದೆ. ಇಲ್ಲಿ ತಾನು, ಅದರಿಂದ ಒಂದು ಅಂಕ ಹಿಂಡಬಹುದೇ ಎಂದು ನೋಡುತ್ತಿದ್ದೇನೆ. ಪೂರ್ತಿ ಬರೆದು ಸಹಿ ಹಾಕಿದಳು. ಹೆಸರಿನ ಕೆಳಗೆ 'ವಿಷಯ ತಜ್ಞೆ' ಎಂದೂ ಬರೆದಳು.

ಮೂರೂವರೆಗೆ ಗಾದೆಮ್ಮ ಬಂದಳು. ಒಳಗೆ ಬರುವ ಮೊದಲು ಸೆರಗಿನಿಂದ ಕೈ ಒರೆಸಿಕೊಂಡಳು. ನಾಗೇಂದ್ರಪ್ಪ ಆಕ್ಷೇಪಣೆಯ ಹಾಳೆಯನ್ನೂ ಪತ್ರವನ್ನೂ ಅವಳ ಮುಂದಿಟ್ಟು, "ಮೇಡಂ ಭಾಳ ಚಂದ ಬರ್ದಾರ, ಸೈನ್ ಹಾಕು, ಮಾರ್ಕು ಬಂದಂಗ," ಎಂದು ಹೇಳಿ, ಮೊಬೈಲ್ ಕಿವಿಗಿಟ್ಟುಕೊಂಡು ಮೆಟ್ಟಿಲ ಕಡೆ ಹೋದರು. ಇಬ್ಬರೇ ಉಳಿದರು. ಮೇಲಿನ ಫ್ಯಾನು ಬಿಸಿಗಾಳಿಯನ್ನೇ ಕಲಕುತ್ತಿತ್ತು.

"ಮೀನು ಹೆಂಗಿದ್ವು ಮೇಡಂ?"

"ಚಲೋ ಇದ್ವು." ಅವಳು ಒಂದು ತುಣುಕನ್ನೂ ಬಾಯಿಗಿಟ್ಟಿರಲಿಲ್ಲ.

ಗಾದೆಮ್ಮ ಪತ್ರವನ್ನು ತುಟಿ ಅಲುಗಿಸುತ್ತ ಓದಿದಳು. ನಿಧಾನಕ್ಕೆ ಓದಿದಳು, ಒಂದು ಸಾಲಿಗೆ ಎರಡು ಸಲ ಹಿಂದೆ ಹೋದಳು. ಆಮೇಲೆ, "ಎಷ್ಟು ಏರ್ತೈತ್ರಿ ಇದು?" ಎಂದಳು.

"ಜಗತ್ತಿನ ತೇಲೋ ಹಿಮ ಅಷ್ಟೂ ಕರಗಿದ್ರ ಎರಡು ಬೆರಳು ಅಗಲ."

"ಅಷ್ಟ?"

"ಅಷ್ಟ."

"ಸುಳ್ಳಂತೂ ಅಲ್ಲಲ್ರಿ?"

"ಖರೇನ ಐತಿ."

ಗಾದೆಮ್ಮ ಪೆನ್ನು ತೆಗೆದುಕೊಂಡಳು. ಟೋಪಿ ಬಿಚ್ಚಿದಳು. ಬರೆಯಲಿಲ್ಲ. "ಇದು ನಿಮಗ ನೋಟ್ಸ್ ಬರಿಯೋವಾಗ ಗೊತ್ತಿತ್ತೇನ್ರಿ?"

ಇಲ್ಲಿ ಹೌದು ಎನ್ನಬಹುದಿತ್ತು. ಹೌದು ಎಂಬುದು ನಾಲಿಗೆಯ ತುದಿಯಲ್ಲೇ ಇತ್ತು. ಕೆಳಗೆ ಕಂಡಕ್ಟರ್ ಒಬ್ಬ ಹಡಗಲಿ, ಹಡಗಲಿ ಎಂದು ಕೂಗುತ್ತಿದ್ದ. ಬೆಳಿಗ್ಗೆಯಿಂದ ಗಂಟಲಲ್ಲಿ ನಿಂತಿದ್ದ ಹುಳಿ ಒಮ್ಮೆಲೇ ಮೇಲೆ ಬಂದ ಹಾಗಾಗಿ, ಅದನ್ನು ತಡೆಯುವುದಕ್ಕೋ ಹೊರಗೆ ಹಾಕುವುದಕ್ಕೋ ತಿಳಿಯದೆ ಮಾಲಾ ಬಾಯಿ ತೆರೆದಳು.

"ನೀವು ಬರ್ದಿದ್ದು ಸರಿ ಅನ್ನೋದು ಗೊತ್ತಿತ್ತು. ಟೆಸ್ಟ್ ಪೇಪರ್ ತಿದ್ದೋವಾಗ ಗೊತ್ತಿತ್ತು. ಗೊತ್ತಿದ್ದೂ ಗೆರಿ ಹೊಡ್ದೆ."

ಹೇಳಿದ ಮೇಲೆ ಹಗುರಾಗಬೇಕಿತ್ತು. ಕಣ್ಣಲ್ಲಿ ನೀರು ಬರುತ್ತದೆ, ಗಾದೆಮ್ಮ ಕೈ ಹಿಡಿಯುತ್ತಾಳೆ, ಇರ್ಲಿ ಬಿಡ್ರಿ ಮೇಡಂ ಎನ್ನುತ್ತಾಳೆ, ಅಥವಾ ಬೈಯುತ್ತಾಳೆ, ಪತ್ರ ಹರಿದು ಮುಖಕ್ಕೆ ಎಸೆಯುತ್ತಾಳೆ. ಎರಡರಲ್ಲಿ ಯಾವುದಾದರೂ ಆದೀತೆಂದು ಮಾಲಾ ಒಳಗೊಳಗೇ ಕಾದಳು; ಕಾಯುತ್ತಿದ್ದೇನೆಂಬುದು ಗೊತ್ತಾಗಿ ಕಣ್ಣು ಕೆಳಗಿಳಿಸಿದಳು. ಗಾದೆಮ್ಮ ಏನೂ ಮಾಡಲಿಲ್ಲ. ಅವಳ ಮುಖ ತಕ್ಕಡಿ ನೋಡುವವರ ಮುಖದ ಹಾಗೆ ಇತ್ತು.

"ಗೆರಿ ಹೊಡ್ದಿದ್ದು ಬಿಡ್ರಿ," ಎಂದಳು. "ಮತ್ತ ನಕ್ಕಿದ್ದು ಯಾಕ್ರಿ?"

ಫ್ಯಾನು ಕಿರ್ರೆಂದಿತು. ಪೇಪರ್ ಕಪ್ಪಿನ ತಳದಲ್ಲಿ ಉಳಿದ ಚಹಾದ ಮೇಲೆ ಕೆನೆ ಸುಕ್ಕುಗಟ್ಟಿ, ಒಂದು ನೊಣ ಅದರಲ್ಲಿ ಕಾಲು ಎತ್ತಿ ಎತ್ತಿ ಇಡುತ್ತಿತ್ತು.

"ಪರೀಕ್ಷಿ ಹಾಲ್‌ನ್ಯಾಗ ನಂಗ ಟಬ್ಬು ಕಂಡಿತ್ರಿ ಕಣ್ಣಿಗೆ. ನೀರು ಚೆಲ್ಲಂಗಿಲ್ಲ ಅಂತ ಗೊತ್ತ ಐತಿ. ಪೆನ್ನು ಇಟ್ಟಿದ್ದೆ, ಬದಲಾಗುವುದಿಲ್ಲ ಅನ್ನೋ ಉತ್ತರದ ಗೋಲದ ಮ್ಯಾಲ. ಆಮ್ಯಾಲ ಅವತ್ತಿನ ನಗಿ ಕೇಳಿಸ್ತು. ನಾಗೇಂದ್ರಪ್ಪ ಸರ್ದು ಅಲ್ಲ, ಬೀರಲಿಂಗಂದೂ ಅಲ್ಲ, ಅವ್ರು ಎದಕ್ಕ ಬೇಕಾದ್ರೂ ನಗ್ತಾರ. ಓದಿದಾಕಿ, ಮೇಡಂ ನಗ್ತಾರ ಅಂದ್ರ ನನ್ನ ಕಣ್ಣ ಸುಳ್ಳಿರಬೇಕು ಅನ್ಕಂಡೆ."

"ಗಾದೆಮ್ಮಕ್ಕಾ..."

"ಇವತ್ತ ಅಕ್ಕ ಆದೆ ನೋಡ್ರಿ." ಅವಳು ಪೆನ್ನು ಬಿಗಿಯಾಗಿ ಹಿಡಿದು ಎರಡೂ ಕಡೆ ಸಹಿ ಮಾಡಿದಳು, ಕೊನೆಯ ಅಕ್ಷರದ ಒತ್ತನ್ನು ಬಲವಾಗಿ ಎಳೆದಳು. "ಮಾರ್ಕು ನಂಗ ಬೇಕ್ರಿ. ನೀವು ಮರುಗಿದ್ರ ಮಾರ್ಕು ಬರಂಗಿಲ್ಲ. ಆದ್ರ ಒಂದು ಮಾಡ್ರಿ. ಈಗ ನಾಕಕ್ಕ ಕ್ಲಾಸ್ ಐತಿ. ಅವತ್ತು ನಕ್ಕೋರು ಭಾಳ ಮಂದಿ ಇನ್ನೂ ಅಲ್ಲೇ ಅದಾರ. ಗಾದೆಮ್ಮ ಅವತ್ತು ಹೇಳಿದ್ದು ಸರಿ ಇತ್ತು ಅನ್ರಿ. ಎಲ್ಲಾರ ಮುಂದ. ಇನ್ನೇನೂ ಬ್ಯಾಡ."

"ಹೇಳ್ತೀನಿ," ಎಂದಳು ಮಾಲಾ. ಆ ಕ್ಷಣಕ್ಕೆ ಅವಳು ಅದನ್ನು ನಂಬಿದ್ದಳು.

ನಾಗೇಂದ್ರಪ್ಪ ಬಂದು ಹಾಳೆಗಳ ಫೋಟೋ ತೆಗೆದು, ಮೊಬೈಲನ್ನು ಒತ್ತಿ ಒತ್ತಿ, "ಅಪ್‌ಲೋಡ್ ಆತು," ಎಂದು ಘೋಷಿಸಿದರು. ನಾಲ್ಕಾಗಿತ್ತು. ಹಾಲ್‌ನಲ್ಲಿ ಐವತ್ತು ಜನ ಕುಳಿತಿದ್ದರು, ಅರ್ಧ ಹೊಸಬರು, ಅರ್ಧ ಮುಂದಿನ ಪರೀಕ್ಷೆಗೆ ಉಳಿದುಕೊಂಡ ಹಳಬರು. ಗಾದೆಮ್ಮ ಕೊನೆಯ ಬೆಂಚಿನಲ್ಲಿ ಕಿಟಕಿ ಪಕ್ಕ ಕುಳಿತಳು. ನಾಗೇಂದ್ರಪ್ಪ ಬಾಗಿಲ ಚೌಕಟ್ಟಿಗೆ ಒರಗಿ ನಿಂತರು. ಮಾಲಾ ಬೋರ್ಡಿಗೆ ತಿರುಗಿದಳು. ಬೆನ್ನು ತೋರಿಸಿ ಬರೆಯುವಾಗ ಅವಳಿಗೆ ಯಾವಾಗಲೂ ಸ್ವಲ್ಪ ಧೈರ್ಯ. 'ತೇಲುವ ಹಿಮ ಕರಗಿದರೆ ಸಮುದ್ರಮಟ್ಟ ಬದಲಾಗುವುದಿಲ್ಲ. ನೆಲದ ಮೇಲಿನ ಹಿಮ ಕರಗಿದರೆ ಏರುತ್ತದೆ.' ಅಕ್ಷರಗಳು ದುಂಡಗೆ ಬಂದವು. ಈಗ ತಿರುಗಬೇಕು. ತಿರುಗಿ, ನವೆಂಬರಿನಲ್ಲಿ ಗಾದೆಮ್ಮ ಇದನ್ನೇ ಹೇಳಿದ್ದರು, ಅವರದು ಸರಿ ಇತ್ತು, ನನ್ನದು ತಪ್ಪು ಎನ್ನಬೇಕು. ಹತ್ತೋ ಹನ್ನೆರಡೋ ಪದ. ಮನಸ್ಸಿನಲ್ಲಿ ಎರಡು ಸಲ ಹೇಳಿಕೊಂಡಳು. ತಿರುಗಿದಳು. ಐವತ್ತು ಮುಖಗಳು, ಬೆವರಿಗೆ ಹೊಳೆಯುವ ಮೂಗುಗಳು, ಯಾರದೋ ಬಾಯಲ್ಲಿ ಅರ್ಧ ಅಗಿದ ಶೇಂಗಾ. ಕಿವಿ ಬಿಸಿಯಾಯಿತು.

"ಮೇಡಂ," ಬೀರಲಿಂಗೇಶ್ ಎದ್ದು ನಿಂತ, "ನೋಟ್ಸ್‌ನ್ಯಾಗ ಏರುತ್ತದೆ ಅಂತ ಐತ್ರಿ. ಹದಿನೇಳನೇ ಪುಟ. ಯಾವುದು ಖರೇ?"

ಎಲ್ಲರೂ ಪುಟ ತೆರೆದರು. ಐವತ್ತು ಜನರ ಕೈಯಲ್ಲಿದ್ದದ್ದು ಅಚ್ಚು ಹಾಕಿಸಿದ ಪುಸ್ತಕವಲ್ಲ, ಅವಳ ಕೈಬರಹದ ಜೆರಾಕ್ಸು. ಬೋರ್ಡಿನ ಮೇಲಿನ ಅವೇ ದುಂಡಗಿನ ಅಕ್ಷರ, ಬಲಕ್ಕೆ ವಾಲಿದ ಅವೇ ಒತ್ತುಗಳು. ಬಾಗಿಲಲ್ಲಿ ನಾಗೇಂದ್ರಪ್ಪ ಅಡಿಕೆ ಅಗಿಯುವುದನ್ನು ನಿಲ್ಲಿಸಿದರು. ಹಿಂದಿನ ಬೆಂಚಿನಲ್ಲಿ ಗಾದೆಮ್ಮ ಪುಟ ತೆರೆಯದೆ, ಬೆನ್ನು ನೆಟ್ಟಗೆ ಮಾಡಿಕೊಂಡು, ಹೆಸರು ಕರೆಯುವುದನ್ನು ಕಾಯುವವಳ ಹಾಗೆ ಕುಳಿತಿದ್ದಳು.

"ಅದು ಪ್ರಿಂಟ್ ಮಿಸ್ಟೇಕು," ಎಂದಳು ಮಾಲಾ. "ತಿದ್ಕೊಳ್ರಿ."

ಓ ಎಂದು ಹಾಲ್ ಪೂರಾ ಸಮಾಧಾನದ ಉಸಿರು ಬಿಟ್ಟಿತು. ಪ್ರಿಂಟ್ ಮಿಸ್ಟೇಕು ಎಲ್ಲ ಕಡೆ ಇರುತ್ತದೆ, ಸರ್ಕಾರಿ ಪುಸ್ತಕದಲ್ಲೂ ಇರುತ್ತದೆ, ಅದಕ್ಕೆ ಯಾರೂ ಹೊಣೆಯಲ್ಲ. ಐವತ್ತು ಪೆನ್ನುಗಳು ಅವಳ ಕೈಬರಹದ ಮೇಲೆ ಗೆರೆ ಎಳೆದವು. ನಾಗೇಂದ್ರಪ್ಪನ ದವಡೆ ಮತ್ತೆ ಚಲಿಸತೊಡಗಿತು. ಗೆರೆ ಎಳೆಯುವ ಸದ್ದು ನಿಂತ ಮೇಲೆ ಗಾದೆಮ್ಮ ಎದ್ದು ನಿಂತಳು, ಮೊದಲ ಬೆಂಚಿನ ಹುಡುಗಿಯರ ಹಾಗೆ ಕೈ ಎತ್ತಿ.

"ಯಾವ ಪ್ರೆಸ್ಸಿನೋರ್ರಿ ಮೇಡಂ?"

ಕೆಲವರು ಹಿಂತಿರುಗಿ ನೋಡಿದರು. ಯಾರಿಗೂ ಏನೂ ತಿಳಿಯಲಿಲ್ಲ. ಮಾಲಾ ಚಾಕ್‌ಪೀಸಿನ ತುಂಡನ್ನು ಒಂದು ಕೈಯಿಂದ ಇನ್ನೊಂದಕ್ಕೆ ದಾಟಿಸಿದಳು. ಗಂಟಲಲ್ಲಿ ಈಗ ಹುಳಿಯೂ ಇರಲಿಲ್ಲ, ನಾಲಿಗೆ ಅಂಟಿಕೊಳ್ಳಲೂ ಇಲ್ಲ. ಮಾತು ಎಂದೂ ಇಷ್ಟು ಸುಲಭವಾಗಿ ಹೊರಟಿರಲಿಲ್ಲ.

"ಹೊಸಪ್ಯಾಟಿಯವ್ರು," ಎಂದಳು.